ದಂಡದ ಚೀಟಿಗೆ ಹೆಸರುಂಟು, ‘ಹೌದು’ ಅಂದವರಿಗೆ ಹೆಸರಿಲ್ಲ

ಕಾಕತಿ: ಸಂಜೆ ಹೊತ್ತು ಬೆಳಗಾವಿಯಿಂದ ಬಂದ ಬಸ್ಸು ಕಾಕತಿ ಸ್ಟಾಪಿನಲ್ಲಿ ನಿಂತಿತೆಂದರೆ ಇಳಿಯುವವರ ಗದ್ದಲ ಒಂದು ಕಡೆ, ಹತ್ತುವವರ ನೂಕಾಟ ಇನ್ನೊಂದು ಕಡೆ. ಇಳಿದವರಲ್ಲಿ ಯಾರಾದರೊಬ್ಬರು ಕಿಸೆಗೆ ಕೈ ಹಾಕಿ ಬೀಡಿ ತೆಗೆದು, ಬಸ್ಸಿನ ಬಾಗಿಲ ಮುಂದೆಯೇ ಕಡ್ಡಿ ಗೀರುವುದು ಹೊಸ ಸುದ್ದಿಯೇನಲ್ಲ. ಹೊಗೆ ಹೋಗಿ ಬೀಳುವುದು ಕಿಟಕಿಯ ಬದಿ ಕೂತವರ ಮುಖಕ್ಕೆ. ಅವರು ಸೆರಗು ಅಡ್ಡ ಹಿಡಿಯುತ್ತಾರೆ, ಕೆಮ್ಮುತ್ತಾರೆ, ಸುಮ್ಮನಾಗುತ್ತಾರೆ. ‘ಹೇಳಿದರೆ ಜಗಳ, ಹೇಳದಿದ್ದರೆ ಕೆಮ್ಮು’ ಎಂಬಂತಾಗಿದೆ ಅವರ ಪಾಡು.

ಬೀಡಿ ಹಚ್ಚಿದವನಿಗೆ ಈಗ ಕಾನೂನಿನ ಪ್ರಕಾರ ಒಂದು ಸಾವಿರ ರೂಪಾಯಿಯ ವರೆಗೆ ದಂಡ ಬೀಳಬಹುದು. ಮೊದಲು ಇದ್ದದ್ದು ಇನ್ನೂರು. ಬೀಡಿ ಸೇದುವವನಿಗೆ ಸಾವಿರ ರೂಪಾಯಿ ಅಂದರೆ ಎಷ್ಟು ದಿನದ ಕೂಲಿ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ಹತ್ತಿರ ಪಾನ್‌ಪಟ್ಟಿ ಅಂಗಡಿ ಇಟ್ಟವನಿಗೂ ಇದೇ ಕಾನೂನು. ಹತ್ತೊಂಬತ್ತರ ಹುಡುಗನಿಗೆ ಒಂದು ಸಿಗರೇಟು ಕೊಟ್ಟವನಿಗೂ ಇದೇ ಕಾನೂನು.

ಹಾಗಿದ್ದ ಮೇಲೆ ಕಟ್ಟೆಯ ಮೇಲೆ ಕೂತ ಮತದಾರ ಒಂದು ಮಾತು ಕೇಳುವುದು ತಪ್ಪೇನೂ ಅಲ್ಲ. ‘ಅಲ್ರೀ, ಈ ಕಾನೂನು ಮಾಡುವಾಗ ನಮ್ಮ ಶಾಸಕ ಸಾಹೇಬ್ರು ಹೂಂ ಅಂದ್ರೋ, ಉಹೂಂ ಅಂದ್ರೋ?’

ಪ್ರಶ್ನೆ ಸಣ್ಣದು, ಉತ್ತರ ಮಾತ್ರ ಸಿಕ್ಕುವುದಿಲ್ಲ. ಸಿಕ್ಕದ ಕಾರಣವೇ ಈ ವಾರದ ವಿಷಯ.

ಕಾನೂನು ನಡೆದು ಬಂದ ದಾರಿ

ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂಬ ಮಾತು ಇಂದು ನಿನ್ನೆಯದಲ್ಲ. ಮುರಳಿ ದೇವರಾ ಅವರು ಹಾಕಿದ್ದ ಅರ್ಜಿಯ ಮೇಲೆ 2001ರ ನವೆಂಬರ್ 2ರಂದು ಸುಪ್ರೀಂ ಕೋರ್ಟು ಆಸ್ಪತ್ರೆ, ಶಾಲೆ, ಕಚೇರಿ, ಬಸ್ಸು, ರೈಲುಗಳಲ್ಲಿ ಧೂಮಪಾನ ಬೇಡ ಎಂದು ಆದೇಶ ಕೊಟ್ಟಿತು. ಸೇದದವನು ಸೇದುವವನ ಹೊಗೆಗೆ ಯಾಕೆ ಬಲಿಯಾಗಬೇಕು ಎಂಬುದು ಆ ಆದೇಶದ ತಿರುಳು. ಸೇದದವರ ಆರೋಗ್ಯ ಕಾಯುವ ಸಲುವಾಗಿ ಕರ್ನಾಟಕವೂ 2001ರ ಹೆಸರಿನಲ್ಲಿ ತನ್ನದೇ ಒಂದು ಅಧಿನಿಯಮ ಮಾಡಿತ್ತು.

ಆಮೇಲೆ 2003ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರದ ತಂಬಾಕು ಕಾಯಿದೆ ಬಂತು. ಜನ ಅದನ್ನು ‘ಕೋಟ್ಪಾ’ ಎಂದು ಕರೆಯುತ್ತಾರೆ. ಅದರ 4ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸಿತು. 2008ರ ಗಾಂಧೀ ಜಯಂತಿಯ ದಿನದಿಂದ ಹೊಸ ನಿಯಮಗಳು ಜಾರಿಗೆ ಬಂದವು. ಬಸ್ ಸ್ಟಾಪು, ಸಿನಿಮಾ ಟಾಕೀಸು, ಹೋಟೆಲು, ಕೆಲಸದ ಜಾಗ ಎಲ್ಲವೂ ಆ ಪಟ್ಟಿಗೆ ಸೇರಿದವು. ದಂಡ ಮಾತ್ರ ಇನ್ನೂರು ರೂಪಾಯಿ ಎಂದೇ ಉಳಿಯಿತು. ಎಣ್ಣೆ, ಬೇಳೆ, ಬಸ್ ಚಾರ್ಜು ಎಲ್ಲ ಏರಿದರೂ ಈ ದಂಡ ಏರಲಿಲ್ಲ.

ಇದನ್ನು ಬದಲಿಸಲು ರಾಜ್ಯ ಸರಕಾರ ತಿದ್ದುಪಡಿ ಮಸೂದೆ ತಂದಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರ ಇಲಾಖೆಯ ಈ ಮಸೂದೆಯನ್ನು 2024ರ ಫೆಬ್ರವರಿ 21ರಂದು ವಿಧಾನಸಭೆ ಅಂಗೀಕರಿಸಿತು. ಅದರಲ್ಲಿ ಏನೇನಿದೆ ಎಂಬುದನ್ನು ಅಂಗಡಿಯವರೂ ಪ್ರಯಾಣಿಕರೂ ತಿಳಿದಿರುವುದು ಒಳ್ಳೆಯದು. ತಂಬಾಕು ಮಾರಬಹುದಾದ ಗಿರಾಕಿಯ ವಯಸ್ಸು 18ರಿಂದ 21ಕ್ಕೆ ಏರಿತು. ಶಾಲೆ-ಕಾಲೇಜಿನಿಂದ 100 ಮೀಟರಿನೊಳಗೆ ಮಾರುವಂತಿಲ್ಲ. ಪ್ಯಾಕೆಟು ಒಡೆದು ಬಿಡಿಬಿಡಿಯಾಗಿ ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದುವುದಷ್ಟೇ ಅಲ್ಲ, ತಂಬಾಕು ತಿಂದು ಉಗುಳುವುದೂ ತಪ್ಪು. ದಂಡ ಇನ್ನೂರರಿಂದ ಸಾವಿರಕ್ಕೆ. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, ಐವತ್ತು ಸಾವಿರದಿಂದ ಒಂದು ಲಕ್ಷದ ವರೆಗೆ ದಂಡ.

ಕೇಂದ್ರದ ಕಾಯಿದೆಗೆ ರಾಜ್ಯ ಕೈ ಹಚ್ಚಿದ್ದರಿಂದ ರಾಷ್ಟ್ರಪತಿಗಳ ಒಪ್ಪಿಗೆ ಬೇಕಾಯಿತು. ಅದು ದೊರೆತದ್ದು 2025ರ ಮೇ ತಿಂಗಳಿನಲ್ಲಿ. ಮೇ 30ರ ರಾಜ್ಯಪತ್ರದಲ್ಲಿ ಅದು ಪ್ರಕಟವಾಯಿತು. ಮರುದಿನವೇ ವಿಶ್ವ ತಂಬಾಕು ರಹಿತ ದಿನ! ಸದನ ದಾಟಿದ ಕಾಗದ ಊರಿಗೆ ಬಂದು ಮುಟ್ಟಲು ಒಂದೂಕಾಲು ವರ್ಷ ಹಿಡಿಯಿತು ಎಂಬುದು ಬೇರೆ ಮಾತು.

ಸದನದಲ್ಲಿ ನಡೆದದ್ದೇನು?

ಮಸೂದೆ ಪಾಸಾದದ್ದು ಧ್ವನಿಮತದಿಂದ. ಹಾಗಂದರೇನು? ಸಭಾಧ್ಯಕ್ಷರು ಪ್ರಸ್ತಾವವನ್ನು ಸದನದ ಮುಂದಿಡುತ್ತಾರೆ. ಪರವಾಗಿದ್ದವರು ‘ಹೌದು’ ಅನ್ನಬೇಕು, ವಿರೋಧ ಇದ್ದವರು ‘ಇಲ್ಲ’ ಅನ್ನಬೇಕು. ಯಾವ ಕಡೆಯ ದನಿ ಜೋರಾಗಿ ಕೇಳಿಸಿತೋ ಆ ಕಡೆಗೆ ತೀರ್ಮಾನ. ‘ಪ್ರಸ್ತಾವ ಅಂಗೀಕೃತವಾಗಿದೆ’ ಎಂದರೆ ಮುಗಿಯಿತು. ಕಾಳಿನ ಸಂತೆಯಲ್ಲಿ ಸವಾಲು ಕೂಗುವಾಗಲಾದರೂ ಕೂಗಿದವನ ಹೆಸರನ್ನು ಗುಮಾಸ್ತ ಬರೆದುಕೊಳ್ಳುತ್ತಾನೆ. ಇಲ್ಲಿ ಅದೂ ಇಲ್ಲ.

ಇನ್ನೊಂದು ಪದ್ಧತಿಯೂ ಉಂಟು. ಸದಸ್ಯರು ಧ್ವನಿಮತ ಒಪ್ಪದೆ ಮತವಿಭಜನೆ ಬೇಕೆಂದು ಕೇಳಬಹುದು. ಆಗ ತಲೆ ಎಣಿಸಬೇಕಾಗುತ್ತದೆ. ಯಾರು ಪರ, ಯಾರು ವಿರೋಧ, ಯಾರು ತಟಸ್ಥ ಎಂಬುದು ನಡವಳಿಯಲ್ಲಿ ದಾಖಲಾಗುತ್ತದೆ. ತಂಬಾಕು ಮಸೂದೆಗೆ ಹಾಗೆ ಎಣಿಕೆ ನಡೆಯಲಿಲ್ಲ.

ಇದು ಈ ಒಂದು ಮಸೂದೆಯ ಕಥೆಯಲ್ಲ, ಹೆಚ್ಚಿನ ಮಸೂದೆಗಳ ಕಥೆಯೂ ಇದೇ. ಅದೇ ವಾರ, ಫೆಬ್ರವರಿ 23ರಂದು, ವಿಧಾನ ಪರಿಷತ್ತಿನಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ ಬಿದ್ದು ಹೋಯಿತು. ಆಡಳಿತ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ಜಟಾಪಟಿಯೇ ನಡೆದಿದ್ದ ಮಸೂದೆ ಅದು. ಅದೂ ಬಿದ್ದದ್ದು ಧ್ವನಿಮತದಲ್ಲೇ. ಜಗಳವಿದ್ದ ಮಸೂದೆಗೇ ಹೆಸರಿನ ಲೆಕ್ಕವಿಲ್ಲದ ಮೇಲೆ, ಜಗಳವಿಲ್ಲದ ತಂಬಾಕಿನ ಮಸೂದೆಗೆ ಎಲ್ಲಿಂದ ಬರಬೇಕು?

ಕೋರಂ ಲೆಕ್ಕವನ್ನೂ ಇಲ್ಲಿ ನೋಡಬೇಕು. ಸಂವಿಧಾನದ 189ನೇ ಅನುಚ್ಛೇದ ಹೇಳುವಂತೆ ಸದನ ನಡೆಯಲು ಹತ್ತರಲ್ಲಿ ಒಂದು ಪಾಲು ಸದಸ್ಯರಿದ್ದರೆ ಸಾಕು. ವಿಧಾನಸಭೆಯ ಸದಸ್ಯರು 224. ಅಂದರೆ 23 ಜನ ಕೂತಿದ್ದರೂ ಒಂದು ಕಾನೂನು ಪಾಸಾಗಬಹುದು, ಅದು ಆರೂವರೆ ಕೋಟಿ ಜನರಿಗೆ ಅನ್ವಯಿಸಬಹುದು. ಉಳಿದವರು ಎಲ್ಲಿದ್ದರು ಎಂದು ‘ಹೌದು’ ಎಂಬ ಆ ಒಂದು ಕೂಗು ಹೇಳುವುದಿಲ್ಲ.

ಹೆಸರು ಎಣಿಸಿದ ದಿನ

ಎಣಿಸುವುದು ಆಗದ ಕೆಲಸವೇನಲ್ಲ. ಬೆಳಗಾವಿ ಜಿಲ್ಲೆಯವರಿಗಂತೂ ಇದು ಚೆನ್ನಾಗಿ ಗೊತ್ತು. 2019ರ ಜುಲೈ 23ರಂದು ಕುಮಾರಸ್ವಾಮಿ ಸರಕಾರದ ವಿಶ್ವಾಸಮತದ ದಿನ ಸದನದಲ್ಲಿ ಸಾಲು ಸಾಲಾಗಿ ತಲೆ ಎಣಿಸಿದರು. ಪರ 99, ವಿರೋಧ 105. ಸರಕಾರ ಉರುಳಿತು. ಅಂದು ಸದನಕ್ಕೆ ಬಾರದಿದ್ದವರಲ್ಲಿ ಈ ಜಿಲ್ಲೆಯ ಮೂವರಿದ್ದರು: ಗೋಕಾಕದ ರಮೇಶ ಜಾರಕಿಹೊಳಿ, ಅಥಣಿಯ ಮಹೇಶ ಕುಮಠಳ್ಳಿ, ಕಾಗವಾಡದ ಶ್ರೀಮಂತ ಪಾಟೀಲ. ಟಿವಿ ನೋಡಿದ ಸಣ್ಣ ಹುಡುಗರಿಗೂ ಆ ಹೆಸರು ಬಾಯಿಪಾಠವಾಗಿತ್ತು.

ಆಮೇಲೇನಾಯಿತು? ಮೂವರೂ ಅನರ್ಹರಾದರು. ಡಿಸೆಂಬರಿನಲ್ಲಿ ಉಪಚುನಾವಣೆ ನಡೆಯಿತು. ಮೂವರೂ ಮತ್ತೆ ಗೆದ್ದು ಬಂದರು. ಜನ ಒಪ್ಪಿದರೋ ಬಿಟ್ಟರೋ ಎಂಬ ಚರ್ಚೆ ಇಲ್ಲಿ ಬೇಡ. ಯಾರು ಏನು ಮಾಡಿದರೆಂಬುದು ಜನರಿಗೆ ಗೊತ್ತಿತ್ತು, ಗೊತ್ತಿದ್ದೇ ಅವರು ಮತ ಹಾಕಿದರು. ಮುಖ್ಯವಾದದ್ದು ಇಷ್ಟೇ.

ಕುರ್ಚಿಯ ವಿಷಯ ಬಂದಾಗ ತಲೆ ಎಣಿಸಲು ಸಮಯ ಸಿಗುತ್ತದೆ. ಜನರ ಕಿಸೆ ಮತ್ತು ಪುಪ್ಪುಸದ ವಿಷಯ ಬಂದಾಗ ಒಂದು ಕೂಗಿನಲ್ಲೇ ಕೆಲಸ ಮುಗಿಯುತ್ತದೆ. ಇದು ಯಾವ ನ್ಯಾಯ?

ನಮ್ಮ ಕಡೆಯ ಶಾಸಕರು

ಕಾಕತಿಯವರು ದುಡಿಯಲು ಹೋಗುವುದು ಬೆಳಗಾವಿ ಪಟ್ಟಣಕ್ಕೆ, ಆದರೆ ಮತ ಹಾಕುವುದು ಯಮಕನಮರಡಿ ಕ್ಷೇತ್ರದಲ್ಲಿ. 2008ರಿಂದ ಆ ಕ್ಷೇತ್ರದಲ್ಲಿ ಸತತ ನಾಲ್ಕು ಚುನಾವಣೆ ಗೆದ್ದವರು ಸತೀಶ ಜಾರಕಿಹೊಳಿ. 2024ರ ಫೆಬ್ರವರಿಯಲ್ಲಿ ಮಸೂದೆ ಪಾಸಾದಾಗ ಅವರು ಲೋಕೋಪಯೋಗಿ ಸಚಿವರಾಗಿದ್ದರು. ಸಚಿವರ ವಿಷಯದಲ್ಲಿ ಸಂವಿಧಾನದ 164ನೇ ಅನುಚ್ಛೇದ ಒಂದು ಅನುಕೂಲ ಮಾಡಿಕೊಟ್ಟಿದೆ. ಮಂತ್ರಿಮಂಡಲಕ್ಕೆ ಸಾಮೂಹಿಕ ಹೊಣೆ. ಸರಕಾರ ತಂದ ಮಸೂದೆ ಎಂದರೆ ಪ್ರತಿಯೊಬ್ಬ ಮಂತ್ರಿಯ ಮಸೂದೆ. ಆದ್ದರಿಂದ ಕಾಕತಿಯ ಮತದಾರನಿಗೆ ಸಿಗುವ ಉತ್ತರ ಅರ್ಧ: ಕೂಗಿದ್ದು ದಾಖಲೆಯಲ್ಲಿಲ್ಲ, ಆದರೆ ಹೊಣೆ ಉಂಟು. ಬೆಳಗಾವಿ ಗ್ರಾಮೀಣದಿಂದ ಗೆದ್ದು ಅಂದು ಸಚಿವೆಯಾಗಿದ್ದ ಲಕ್ಷ್ಮೀ ಹೆಬ್ಬಾಳಕರ ಅವರಿಗೂ ಇದೇ ಮಾತು.

ಪಟ್ಟಣದೊಳಗೆ ಬಂದರೆ ಕಥೆ ಬೇರೆ. 2023ರಲ್ಲಿ ಬೆಳಗಾವಿ ಉತ್ತರದಿಂದ ಗೆದ್ದವರು ಕಾಂಗ್ರೆಸ್ಸಿನ ಆಸೀಫ್ ಸೇಠ್. ದಕ್ಷಿಣದಿಂದ ಭಾಜಪದ ಅಭಯ ಪಾಟೀಲ. ಖಾನಾಪುರದಿಂದ ಭಾಜಪದ ವಿಠ್ಠಲ ಹಲಗೇಕರ. ಇವರ್ಯಾರೂ ಮಂತ್ರಿಗಳಾಗಿರಲಿಲ್ಲ, ಆದ್ದರಿಂದ ಸಾಮೂಹಿಕ ಹೊಣೆಯ ಗೆರೆ ಇವರನ್ನು ಮುಟ್ಟುವುದಿಲ್ಲ. ಖಾನಾಪುರದ ಅಂಗಡಿಕಾರ ‘ನಮ್ಮ ಶಾಸಕರು ಏನಂದ್ರು?’ ಎಂದು ಕೇಳಿದರೆ ತೋರಿಸಲು ಮತದ ಪಟ್ಟಿಯೇ ಇಲ್ಲ. ಶಾಸಕರು ಬಚ್ಚಿಟ್ಟರೆಂದು ಇದರ ಅರ್ಥವಲ್ಲ. ಪದ್ಧತಿಯೇ ಹಾಗಿದೆ. ಪರವಾಗಿ ಕೂಗಿದ್ದರೆ ಶಾಬಾಸ್ ಅನ್ನಲೂ ದಾರಿಯಿಲ್ಲ, ವಿರೋಧಿಸಿದ್ದರೆ ಕಾರಣ ಕೇಳಲೂ ದಾರಿಯಿಲ್ಲ.

ಇದು ತಂಬಾಕಿನ ಜಿಲ್ಲೆ, ಮರೆಯಬೇಡಿ

ಬೇರೆ ಜಿಲ್ಲೆಯವರು ಈ ಮಾತು ಎತ್ತದಿದ್ದರೂ ನಡೆದೀತು. ಬೆಳಗಾವಿಯವರು ಎತ್ತಲೇಬೇಕು. ಕಾಕತಿಯ ಮುಂದೆ ಹಾಯುವ ಇದೇ ಪುಣೆ-ಬೆಂಗಳೂರು ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ನಿಪ್ಪಾಣಿ. ಬೀಡಿ ತಂಬಾಕಿಗೆ ಹೆಸರಾದ ಪೇಟೆ. 1981ರ ಮಾರ್ಚ್ 14ರಿಂದ ತಂಬಾಕು ಬೆಳೆಗಾರರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಇದೇ ಹೆದ್ದಾರಿಯ ಮೇಲೆ ಕೂತರು. ಕಿಲೋಗೆ ಹತ್ತು ರೂಪಾಯಿಯಾದರೂ ಕೊಡಿ ಎಂಬುದು ಬೇಡಿಕೆ. ಮೂರು ವಾರಕ್ಕೂ ಮಿಕ್ಕಿ ರಸ್ತೆ ಬಿಡಲಿಲ್ಲ. ಏಪ್ರಿಲ್ 6ರಂದು ಪೋಲೀಸರ ಗುಂಡಿಗೆ ಹತ್ತಕ್ಕೂ ಹೆಚ್ಚು ರೈತರು ಬಿದ್ದರು.

ಆಗ ಮುಖ್ಯಮಂತ್ರಿಯಾಗಿದ್ದವರು ಆರ್. ಗುಂಡೂರಾವ್. ನಲವತ್ತಮೂರು ವರ್ಷದ ಮೇಲೆ ತಂಬಾಕು ಮಾರಾಟಕ್ಕೆ ಬಿಗಿ ಹಗ್ಗ ಹಾಕುವ ಮಸೂದೆ ತಂದ ಇಲಾಖೆಯ ಸಚಿವರು ಅವರದೇ ಮಗ. ಇದರಲ್ಲಿ ಯಾರ ತಪ್ಪೂ ಇಲ್ಲ, ಯಾರ ಸಂಚೂ ಇಲ್ಲ. ಕಾಲ ಎಷ್ಟು ತಿರುಗಿತು ಎಂಬುದನ್ನಷ್ಟೇ ತೋರಿಸುತ್ತದೆ. ಅಂದು ತಂಬಾಕಿಗೆ ಬೆಲೆ ಕೊಡಿ ಎಂದು ಕೂಗಿದ ರೈತನೂ ಮತದಾರನೇ, ಮನೆಯ ಜಗುಲಿಯಲ್ಲಿ ಕೂತು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುವ ಹೆಣ್ಣುಮಗಳೂ ಮತದಾರಳೇ, ಬಸ್ಸಿನಲ್ಲಿ ಹೊಗೆ ಕುಡಿದು ಕೆಮ್ಮುವ ಪ್ರಯಾಣಿಕನೂ ಮತದಾರನೇ.

ನಿಪ್ಪಾಣಿಯಿಂದ 2023ರಲ್ಲಿ ಗೆದ್ದವರು ಶಶಿಕಲಾ ಜೊಲ್ಲೆ. ಇಂಥ ಕ್ಷೇತ್ರದ ಶಾಸಕರು ತಂಬಾಕಿನ ಮಸೂದೆಗೆ ಏನನ್ನುತ್ತಾರೆ ಎಂಬುದು ಗುಟ್ಟಾಗಿರಬೇಕಾದ ಸಂಗತಿಯೇ? ಪರ ಅಂದರೆ ಬೆಳೆಗಾರನಿಗೆ, ಬೀಡಿ ಕಾರ್ಮಿಕಳಿಗೆ ಬೇರೆ ದಾರಿ ಏನು ಎಂದು ಕೇಳಬಹುದು. ವಿರೋಧ ಅಂದರೆ ಪ್ರಯಾಣಿಕನ ಕೆಮ್ಮಿಗೆ ಉತ್ತರ ಏನು ಎಂದು ಕೇಳಬಹುದು. ಹೆಸರು ದಾಖಲಾದರೆ ಪ್ರಶ್ನೆಗೆ ವಿಳಾಸ ಸಿಗುತ್ತದೆ. ಇಲ್ಲದಿದ್ದರೆ ಪ್ರಶ್ನೆ ಗಾಳಿಯಲ್ಲಿ ಹೋಗುತ್ತದೆ, ಬೀಡಿಯ ಹೊಗೆಯ ಹಾಗೆ.

‘ಎಲ್ಲರೂ ಒಪ್ಪಿದಾಗ ಎಣಿಕೆ ಯಾಕೆ?’

ಈ ಮಾತಿಗೆ ಬಲ್ಲವರು ಎರಡು ಉತ್ತರ ಕೊಡುತ್ತಾರೆ. ಒಂದು, ಎಲ್ಲರೂ ಒಪ್ಪಿದ ವಿಷಯಕ್ಕೆ ತಲೆ ಎಣಿಸುತ್ತ ಕೂತರೆ ಸದನದ ಹೊತ್ತು ಹಾಳು. ಎರಡು, ಪಕ್ಷ ವಿಪ್ ಹೊರಡಿಸಿದರೆ ಶಾಸಕ ಅದನ್ನು ಮೀರುವಂತಿಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಹೀಗಿರುವಾಗ ಹೆಸರು ಬರೆದುಕೊಂಡು ಏನು ಲಾಭ?

ಎರಡೂ ತೆಗೆದುಹಾಕುವ ಮಾತಲ್ಲ. ಆದರೆ ಎಲ್ಲರೂ ಒಪ್ಪಿದರು ಎಂಬುದನ್ನು ತಿಳಿಯುವುದಾದರೂ ಹೇಗೆ, ಎಣಿಸದೆ? ಸುಮ್ಮನಿದ್ದವರೂ, ಹೊರಗೆ ಚಹಾ ಕುಡಿಯಲು ಹೋದವರೂ ಒಪ್ಪಿದವರ ಲೆಕ್ಕಕ್ಕೇ ಸೇರುತ್ತಾರೆ. ವಿಪ್ಪಿನ ಮಾತಿಗೂ ಅಷ್ಟೇ. ಪಕ್ಷದ ಆಜ್ಞೆಯಂತೆ ಮತ ಹಾಕಿದೆ ಎನ್ನುವುದಾದರೂ ಒಂದು ಉತ್ತರ. ಆ ಉತ್ತರವನ್ನು ಊರವರ ಮುಂದೆ ನಿಂತು ಹೇಳಲಿ.

ಸಮುದ್ರದಾಚೆ ಒಂದು ಉದಾಹರಣೆ ಇದೆ. ಇಂಗ್ಲೆಂಡಿನಲ್ಲಿ ಪಬ್ಬು, ಕ್ಲಬ್ಬುಗಳಲ್ಲಿ ಸೇದುವುದನ್ನು ನಿಷೇಧಿಸಬೇಕೇ ಎಂಬ ಪ್ರಶ್ನೆ 2006ರ ಫೆಬ್ರವರಿ 14ರಂದು ಅಲ್ಲಿಯ ಕಾಮನ್ಸ್ ಸಭೆಯ ಮುಂದೆ ಬಂತು. ಪಕ್ಷಗಳು ತಮ್ಮ ಸದಸ್ಯರನ್ನು ಕಟ್ಟಿಹಾಕದೆ ಮನಸ್ಸಿನಂತೆ ಮತ ಹಾಕಲು ಬಿಟ್ಟವು. ಪರ 384, ವಿರೋಧ 184. ಮುಂದಿನ ವರ್ಷ ಜುಲೈ 1ರಿಂದ ಕಾನೂನು ಜಾರಿಯಾಯಿತು. ಅಂದು ಯಾವ ಸದಸ್ಯ ಯಾವ ಕಡೆ ಹೋದ ಎಂಬುದನ್ನು ಅವನ ಊರಿನ ಕಿರಾಣಿ ಅಂಗಡಿಯವನು ಇಂದಿಗೂ ನಡವಳಿ ತೆಗೆದು ನೋಡಬಹುದು. 2024ರ ಏಪ್ರಿಲ್‌ನಲ್ಲಿ ತಂಬಾಕಿನ ಇನ್ನೊಂದು ಮಸೂದೆ ಅದೇ ಸಭೆಗೆ ಬಂದಾಗಲೂ 383ಕ್ಕೆ 67 ಎಂದು ಹೆಸರು ಸಮೇತ ಲೆಕ್ಕವಾಯಿತು. ಸದನ ನಡೆಸುವ ಪದ್ಧತಿಯನ್ನು ಅಲ್ಲಿಂದಲೇ ತಂದುಕೊಂಡ ನಮ್ಮವರು ಹೆಸರು ಬರೆಯುವ ಅಭ್ಯಾಸವನ್ನು ಮಾತ್ರ ಅಲ್ಲೇ ಬಿಟ್ಟು ಬಂದಂತಿದೆ.

ಅಂಗಡಿಯವರ ಕಷ್ಟ, ಪ್ರಯಾಣಿಕರ ಹಕ್ಕು

ಅಂಗಡಿಕಾರನ ಮಾತೂ ಕೇಳಬೇಕು. ಬಿಡಿ ಸಿಗರೇಟು ಮಾರಬೇಡ ಎಂದರೆ ಡಬ್ಬಾ ಅಂಗಡಿಯ ಅರ್ಧ ಗಿರಾಕಿ ಹೋದ ಹಾಗೆ. ಪ್ಯಾಕೆಟು ಕೊಳ್ಳುವ ತಾಕತ್ತು ಎಷ್ಟು ಜನಕ್ಕಿದೆ? ಕೊಳ್ಳಲಾರದವನು ಬಿಟ್ಟಾನೆಂಬುದೇ ಕಾನೂನಿನ ಉದ್ದೇಶ. ಆದರೆ ಮೀಸೆ ಬಂದ ಹುಡುಗನ ವಯಸ್ಸು ಇಪ್ಪತ್ತೋ ಇಪ್ಪತ್ತೆರಡೋ ಎಂದು ಅಂಗಡಿಯವನು ಹೇಗೆ ಹೇಳಬೇಕು? ನೂರು ಮೀಟರನ್ನು ಶಾಲೆಯ ಗೇಟಿನಿಂದ ಅಳೆಯಬೇಕೋ, ಕಂಪೌಂಡಿನಿಂದಲೋ? ಇಂಥ ಪ್ರಶ್ನೆ ಸದನದಲ್ಲಿ ಎತ್ತಬೇಕಾದವರು ಶಾಸಕರು. ಎತ್ತಿದವರು ಯಾರು ಎಂಬುದು ನಡವಳಿಯ ಭಾಷಣಗಳಲ್ಲಿ ಸಿಗುತ್ತದೆ. ಮತದ ಲೆಕ್ಕ ಇಲ್ಲದಿದ್ದರೂ ಮಾತಿನ ದಾಖಲೆ ಉಂಟು. ಅದನ್ನು ಕೇಳಿ ಓದುವ ಹಕ್ಕು ಪ್ರತಿ ನಾಗರಿಕನಿಗಿದೆ.

ಹೋಟೆಲಿನವರಿಗೂ ಒಂದು ಎಚ್ಚರಿಕೆ. 2008ರ ನಿಯಮದ ಪ್ರಕಾರ ಬಾಗಿಲ ಹತ್ತಿರ ‘ಧೂಮಪಾನ ನಿಷೇಧ’ದ ಬೋರ್ಡು ಇರಬೇಕು. ಅಗಲ 60 ಸೆಂಟಿಮೀಟರು, ಎತ್ತರ 30. ದೂರು ಯಾರಿಗೆ ಕೊಡಬೇಕೆಂದು ಹೆಸರೂ ಕಾಣಿಸಬೇಕು. ಒಳಗೆ ಬೂದಿ ತಟ್ಟೆ, ಬೆಂಕಿಪೊಟ್ಟಣ, ಲೈಟರು ಇಡುವಂತಿಲ್ಲ. ಗಿರಾಕಿ ಸೇದಿದರೆ, ದೂರು ಬಂದ ಮೇಲೂ ಯಜಮಾನ ಸುಮ್ಮನಿದ್ದರೆ, ದಂಡ ಯಜಮಾನನಿಗೂ ಬೀಳುತ್ತದೆ.

ಗಮನಿಸಿ. ಬೋರ್ಡಿನ ಮೇಲೆ ಹೋಟೆಲಿನವನ ಹೆಸರು ಬೇಕು. ದಂಡದ ಚೀಟಿಯಲ್ಲಿ ಸೇದಿದವನ ಹೆಸರು ಬೇಕು. ಕಾನೂನು ಮಾಡಿದವರ ಕಡೆ ಬಂದಾಗ ಮಾತ್ರ ಹೆಸರು ಬೇಡ.

ಕಾನೂನು ಕೆಟ್ಟದ್ದು ಎಂದು ಯಾರೂ ಅನ್ನುವಂತಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರ ಪೈಕಿ ನೂರಕ್ಕೆ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ನೂರಕ್ಕೆ 8.8, ತಿನ್ನುವವರು 16.3. ಅಂದರೆ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಜನ ಸೇದುವುದೇ ಇಲ್ಲ. ಆದರೂ ಬಸ್ ಸ್ಟಾಪಿನ ಹೊಗೆ ಅಷ್ಟೂ ಜನರ ಪಾಲಿಗೆ. ಅವರ ಪರವಾಗಿ ಕೂಗಿದವರಿಗೆ ಆ ಪುಣ್ಯವಾದರೂ ಹೆಸರು ಸಮೇತ ಸಲ್ಲಬೇಡವೇ?

ಕೇಳುವವರಿದ್ದರೆ ಹೇಳುವವರು

ದೊಡ್ಡ ತಿದ್ದುಪಡಿಯೇನೂ ಬೇಕಿಲ್ಲ. ಜನರಿಗೆ ದಂಡ, ಜೈಲು ವಿಧಿಸುವ ಮಸೂದೆ ಬಂದಾಗಲಾದರೂ ನಮ್ಮ ಜಿಲ್ಲೆಯ ಹದಿನೆಂಟು ಶಾಸಕರಲ್ಲಿ ಯಾರಾದರೂ ಎದ್ದು ‘ಅಧ್ಯಕ್ಷರೇ, ಮತವಿಭಜನೆ ಬೇಕು’ ಎಂದು ಕೇಳಬಹುದು. ಅಷ್ಟೂ ಆಗದಿದ್ದರೆ ಅಧಿವೇಶನ ಮುಗಿಸಿ ಬಂದ ಮೇಲೆ ಊರಿನ ಸಭೆಯಲ್ಲಿ ತಾವು ಯಾವ ಮಸೂದೆಗೆ ಏನಂದೆವು ಎಂದು ನಾಲ್ಕು ಮಾತು ಹೇಳಬಹುದು. ಗಟಾರ, ರಸ್ತೆ, ಸಮುದಾಯ ಭವನದ ಉದ್ಘಾಟನೆಗೆ ಬಂದಾಗ ಮೈಕು ಹೇಗೂ ಕೈಯಲ್ಲಿರುತ್ತದೆ.

2012ರಲ್ಲಿ ಸುವರ್ಣ ವಿಧಾನಸೌಧ ಕಟ್ಟಿಸಿದ್ದು ಸದನ ಜನರ ಹತ್ತಿರ ಬರಲಿ ಎಂದು. ಅದು ನಿಂತಿರುವುದೂ ಇದೇ ಹೆದ್ದಾರಿಯ ಬದಿಗೆ. ಕಾಕತಿಯಿಂದ ಪಟ್ಟಣ ದಾಟಿ ಹೋದರೆ ಹಲಗಾ ಹತ್ತಿರ ಅದರ ಬಿಳಿ ಗೋಡೆ ಕಾಣುತ್ತದೆ. ಚಳಿಗಾಲದ ಅಧಿವೇಶನಕ್ಕೆ ಶಾಸಕರು ಅಲ್ಲಿಗೇ ಬಂದಾಗ ಕೇಳುವವರು ಬೆಂಗಳೂರಿನ ಬಸ್ಸು ಹಿಡಿಯಬೇಕಿಲ್ಲ.

ಬ್ರಿಟಿಷರ ಎದುರು ನಿಂತ ಕಿತ್ತೂರು ಚೆನ್ನಮ್ಮ ಹುಟ್ಟಿದ ಊರು ಕಾಕತಿ. ಇಲ್ಲಿಯವರಿಗೆ ಎದುರು ನಿಂತು ಕೇಳುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮೊದಲು ಬಸ್ ಸ್ಟಾಪಿನಲ್ಲಿ ಬೀಡಿ ಹಚ್ಚಿದವನಿಗೆ ‘ಅಣ್ಣಾ, ಸ್ವಲ್ಪ ಆ ಕಡೆ’ ಅನ್ನಲಿ. ಆಮೇಲೆ ಶಾಸಕರು ಬಂದಾಗ ಹಾರ ಹಾಕುವ ಮೊದಲು ‘ಸಾಹೇಬ್ರ, ಅವತ್ತು ನೀವು ಏನಂದ್ರಿ?’ ಅನ್ನಲಿ.

ಸಾವಿರ ರೂಪಾಯಿ ತೆರುವವನಿಗೆ ಅಷ್ಟು ಕೇಳುವ ಅಧಿಕಾರ ಉಂಟು.